ಔರಾದಿನಲ್ಲಿ ತಾನಾಗಿ ಓಡಿದ ಬಾಣ

ಹೋದ ತಿಂಗಳು ಮಗಳ ಲ್ಯಾಪ್‌ಟಾಪು ಕೆಟ್ಟಿತೆಂದು ಬೀದರದ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಅದರ ಬೆನ್ನು ಬಿಚ್ಚಿ, ಬಿಸಿ ಗಾಳಿ ಊದುವ ಯಂತ್ರ ಹಿಡಿದ. ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರೊಳಗೆ ಸುಟ್ಟ ಧೂಳಿನ ವಾಸನೆ, ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ಕೌಂಟರಿನ ಮೇಲಿಟ್ಟಿದ್ದ ಎರಡೂ ಕೈ ಮೇಲೆತ್ತಿಬಿಟ್ಟೆ.

“ಕರೆಂಟ್ ಹೊಡೀತೇನ್ರಿ ಅಕ್ಕಾ?” ಅಂದ ಅವನು ಗಾಬರಿಯಾಗಿ.

“ಇಲ್ಲಪ್ಪ. ನಿನ್ ಕೆಲಸ ನೀ ಮಾಡು,” ಅಂದೆ. ಇಪ್ಪತ್ತು ವರ್ಷದ ಹಿಂದಿನ ಅಂಜಿಕೆ ಇನ್ನೂ ಕೈಯಲ್ಲಿ ಉಳಿದಿದೆ ಅಂತ ಅವನಿಗೆ ಹೇಗೆ ಹೇಳುವುದು? ಹೇಳಿದರೆ ನಕ್ಕಾನು. ನೀವೂ ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ಆ ವರ್ಷ ಮಳೆ ಮೃಗಶಿರದಲ್ಲಿ ಎರಡು ಸಲ ಮುಖ ತೋರಿಸಿ ಹೋಯಿತು, ಅಷ್ಟೇ. ಉದ್ದು, ಹೆಸರು ಮೊಣಕಾಲೆತ್ತರಕ್ಕೂ ಬರಲಿಲ್ಲ. ದಸರಾ ಮುಗಿದರೂ ಬಿಸಿಲು ಚೈತ್ರದ ಬಿಸಿಲಿನ ಹಾಗೆ ಸುಡುತ್ತಿತ್ತು. ನಾನು ಮೈಲೂರಿನ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟು ಔರಾದಿನ ಬಸ್ಸು ಹತ್ತುತ್ತಿದ್ದೆ. ದಾರಿಯುದ್ದಕ್ಕೂ ಬೋರಿನ ಮುಂದೆ ಕೊಡಗಳ ಸಾಲು, ಟ್ಯಾಂಕರಿನ ಹಿಂದೆ ಓಡುವ ಹೆಂಗಸರು. ದೀಪಾವಳಿ ಆದ ಕೂಡಲೇ ಕಬ್ಬು ಕಡಿಯುವವರನ್ನು ಮಹಾರಾಷ್ಟ್ರಕ್ಕೆ ಕರೆದೊಯ್ಯುವ ಲಾರಿಗಳು ಬರುವವು, ಆ ವರ್ಷ ಪ್ರತಿ ಊರಿಗೂ ಬರುವವು ಅಂತ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ನನಗೆ ಆಗ ಇಪ್ಪತ್ತೆರಡು. ಔರಾದಿನಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿ ಕಂಪ್ಯೂಟರ್ ಕೆಲಸ. ಗುಳೆ ಹೋಗುವವರ ಮಕ್ಕಳು ಊರಲ್ಲೇ ಉಳಿದು ಶಾಲೆ ಕಲಿಯಲಿ ಅಂತ ಆ ಸಂಸ್ಥೆ ದೀಪಾವಳಿಯಿಂದ ಯುಗಾದಿಯವರೆಗೆ ಹಾಸ್ಟೆಲ್ ನಡೆಸುತ್ತಿತ್ತು. ಶಾಲೆಯ ಮಾಸ್ತರರು ಒಂದೊಂದು ಮಗುವಿಗೂ ಒಂದು ಅರ್ಜಿ ತುಂಬಿ ಕಳಿಸುವರು. ನಾನು ಅವನ್ನು ಪಟ್ಟಿ ಮಾಡಿ ಬೀದರದ ದೊಡ್ಡ ಆಫೀಸಿಗೆ ಕಳಿಸಬೇಕು. ಪಟ್ಟಿಯಲ್ಲಿ ಹೆಸರಿದ್ದ ಮಗುವಿಗೆ ಅಕ್ಕಿ, ಹಾಸಿಗೆ, ಜಾಗ. ಹೆಸರಿಲ್ಲದ ಮಗು ಅಪ್ಪ ಅವ್ವನ ಜೊತೆ ಲಾರಿಯಲ್ಲಿ.

ನನಗೆ ಕೊಟ್ಟ ಲ್ಯಾಪ್‌ಟಾಪು ಬೀದರದ ಆಫೀಸಿನವರು ಬಳಸಿ ಬಿಟ್ಟದ್ದು. ಇಟ್ಟಂಗಿಯಷ್ಟು ದಪ್ಪ, ಬ್ಯಾಟರಿ ಯಾವತ್ತೋ ಸತ್ತಿತ್ತು, ವಯರು ಕಿತ್ತರೆ ಕಣ್ಣು ಮುಚ್ಚುತ್ತಿತ್ತು. ನಮ್ಮ ಆಫೀಸಿನ ಹಿರಿಯರು ಮಾಣಿಕರಾವ. ಅದು ಬಂದ ದಿನವೇ ಬಜಾರಿನಿಂದ ತೆಳ್ಳನೆ ಪ್ಲಾಸ್ಟಿಕ್ ಹಾಳೆ ತಂದು, ಕೀಲಿಮಣೆಯ ಮೇಲೆ, ಬೆರಳಾಡಿಸಿ ಬಾಣ ಓಡಿಸುವ ಆ ಚೌಕದ ಮೇಲೆ, ಬಿಗಿಯಾಗಿ ಎಳೆದು ಅಂಟಿಸಿಬಿಟ್ಟರು.

“ಸುಜಾತಾ, ಇದು ಮಂದಿ ಮಾಲು. ಹ್ಯಾಂಗ ಬಂದದೋ ಹಂಗ ವಾಪಸ್ ಹೋಗ್ಬೇಕು. ಇಂಥಾ ಧೂಳಿನಾಗ ಬಿಚ್ಚಿ ಇಟ್ರ ನಾ ಏನಂತ ಜವಾಬ್ ಕೊಡ್ಲಿ? ಪ್ಲಾಸ್ಟಿಕ್ ತಗದಿ ಅಂದ್ರ ನೋಡು!”

ನಾನೇಕೆ ತೆಗೆಯಲಿ? ನನಗೆ ಆ ಯಂತ್ರವನ್ನು ಮುಟ್ಟುವುದಕ್ಕೇ ಅಂಜಿಕೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಟ್ಟಿದ ಮೊದಲನೆಯವಳು ನಾನು. ಭಾಲ್ಕಿಯ ಅತ್ತೆಯ ಮನೆಯಲ್ಲಿ ಒಂದು ವರ್ಷ ಇದ್ದು, ಅಲ್ಲಿನ ಸ್ಯಾಮುವೆಲ್ ಸರ್ ಹತ್ತಿರ ಕಲಿತದ್ದು. ಸರ್ ಹೇಳಿಕೊಟ್ಟ ಪಾಠಗಳಲ್ಲಿ ಒಂದು ಮಾತ್ರ ನನ್ನ ಬೆರಳಿಗೇ ಅಂಟಿತ್ತು: “ಅಂಜಿಕಿ ಬಂತಂದ್ರ ಮೊದಲು ಸೇವ್ ಮಾಡು. ಆಮ್ಯಾಲ ಅಳು.” ನಾನು ಪ್ರಾಮಾಣಿಕವಾಗಿ ಐದು ನಿಮಿಷಕ್ಕೊಮ್ಮೆ ಅಂಜುತ್ತಿದ್ದೆ, ಐದು ನಿಮಿಷಕ್ಕೊಮ್ಮೆ ಸೇವ್ ಮಾಡುತ್ತಿದ್ದೆ.

ಅಂಜಿಕೆ ಹೆಚ್ಚಾದದ್ದು ಸೀತಾಬಾಯಿ ಬಂದ ಮೇಲೆ. ತಾಂಡಾದ ಹೆಂಗಸು. ಮಾಸ್ತರರು ತುಂಬಿಕೊಟ್ಟ ಅರ್ಜಿಯನ್ನು ತಾನೇ ಹಿಡಿದು ನಡೆದು ಬಂದಿದ್ದಳು. ನನ್ನ ಮೇಜಿನ ಮುಂದೆ ನಿಂತು, “ನನ್ನ ಮುಂದ ಬರೀರಿ ಬಾಯಾರ. ನಾ ನೋಡ್ಬೇಕು,” ಅಂದಳು.

ಮಾಣಿಕರಾವ ನಕ್ಕರು. “ನಿನಗ ಓದ್ಲಿಕ್ಕ ಬರ್ತದೇನಬೇ?”

“ಓದ್ಲಿಕ್ಕ ಬರಂಗಿಲ್ರಿ. ನೋಡ್ಲಿಕ್ಕ ಬರ್ತದಲ್ರಿ.”

ನಾನು ಅವಳ ಮಗಳು ಕವಿತಾಳ ಹೆಸರು ಹೊಡೆದೆ. ಅವಳು ಬಗ್ಗಿ ಪರದೆಯ ಮೇಲಿನ ಆ ಅಕ್ಷರಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು. ಆಮೇಲೆ ನೆಲದ ಮೇಲೆ ಕೂತು ಮೆಲ್ಲಗೆ ಹೇಳಿದಳು: “ಹೋದ ವರ್ಷ ಕರ್ಕೊಂಡು ಹೋಗಿದ್ದೆ ಬಾಯಾರ. ಕಬ್ಬಿನ ಹೊಲದ ನಡು ಗುಡಸಲು. ಬಾಗಿಲಿಲ್ಲ, ಕೀಲಿ ಇಲ್ಲ. ಹುಡುಗಿ ಈಗ ದೊಡ್ಡಾಕಿ ಆಗ್ಲತ್ತಾಳ. ನಾ ಅಲ್ಲಿ ಕಬ್ಬು ಕಡಿಯೋ ಕೊಯ್ತಾ ಹಿಡೀಲೋ, ಮಗಳ್ನ ಕಾಯ್ಲೋ? ಎಲ್ಲಾ ನಿಮ್ಮ ಕೈಯಾಗದ.”

ನನ್ನ ಕೈಯಲ್ಲಿ! ಅಯ್ಯೋ ತಾಯಿ, ನನ್ನ ಕೈ ಎಂಥದೆಂದು ನಿನಗೇನು ಗೊತ್ತು? ಅವತ್ತಿನಿಂದ ಪ್ರತಿ ಹೆಸರು ಹೊಡೆಯುವಾಗಲೂ ಬಾಗಿಲಿಲ್ಲದ ಗುಡಿಸಲು ಕಣ್ಣ ಮುಂದೆ ಬರತೊಡಗಿತು. ಒಂದು ಹೆಸರು ತಪ್ಪಿದರೆ ಒಂದು ಹುಡುಗಿ ಅಲ್ಲಿ ಹೋಗಿ ಬೀಳುತ್ತಾಳೆ. ಊಟ ಸೇರುತ್ತಿರಲಿಲ್ಲ.

ಅದೇ ವಾರ ಬಾಣ ತಾನಾಗಿ ಓಡತೊಡಗಿತು. ನಾನು ಹೆಸರು ಹೊಡೆಯುತ್ತಿದ್ದರೆ ಪರದೆಯ ಮೇಲಿನ ಬಾಣ ಗುಬ್ಬಿಯ ಹಾಗೆ ಪುರ್ ಎಂದು ಮೇಲೆ ಹೋಗಿ ಕೂರುವುದು. ಅಕ್ಷರಗಳು ಅಲ್ಲೆಲ್ಲೋ ಬೀಳುವವು. ಎಳೆದು ತರುವುದು, ಮತ್ತೆ ಹೊಡೆಯುವುದು. ಮಾಣಿಕರಾವ ನೋಡಿ, “ಯಾರೋ ಕಣ್ಣು ಹಚ್ಚ್ಯಾರ,” ಅಂದು ಒಂದು ಲಿಂಬೆಹಣ್ಣು ಇಳಿದೆಗೆದು ರಸ್ತೆಗೆ ಎಸೆದರು. ಬಾಣಕ್ಕೆ ಲಿಂಬೆಹಣ್ಣಿನ ಪರಿವೆ ಇರಲಿಲ್ಲ. ಕೊನೆಗೆ ಬೀದರದಿಂದ ಬಾಲವಿರುವ ಒಂದು ಮೌಸು ತಂದು ಕೊಟ್ಟರು. ಚುಚ್ಚಿದರೆ ಯಂತ್ರ, ಇದರ ಡ್ರೈವರ್ ಇರುವ ಡಿಸ್ಕ್ ಹಾಕು ಅಂತ ಕೇಳಿತು. ಡಿಸ್ಕ್ ಎಲ್ಲಿಯದು? ಅದು ಬೀದರದ ಯಾವುದೋ ಕಪಾಟಿನಲ್ಲಿ. ಮೌಸು ಪೆಟ್ಟಿಗೆಗೆ ವಾಪಸ್ ಹೋಯಿತು.

ಪಟ್ಟಿ ಕಳಿಸುವ ದಿನ ಬಂತು. ಮಾಣಿಕರಾವ ಬೆಳಿಗ್ಗೆಯೇ ಹಾಸ್ಟೆಲಿನ ಅಕ್ಕಿ ನೋಡಲು ಕಮಲನಗರಕ್ಕೆ ಹೊರಟರು. “ನಾಕಕ್ಕ ಬರ್ತೇನಿ. ಫ್ಲಾಪಿದಾಗ ಪಟ್ಟಿ ಹಾಕಿ ಇಡು, ಹಂಗೇ ಬೀದರಕ್ಕ ಒಯ್ತೇನಿ. ಇವತ್ತ ಹೋಗ್ಲಿಲ್ಲಂದ್ರ ಈ ವರ್ಷ ಹಾಸ್ಟೆಲ್ ಇಲ್ಲ ನೋಡು.” ಮೂರಕ್ಕೆ ಕರೆಂಟು ಹೋದರೆ ಬರುವುದು ಆರಕ್ಕೆ. ಅಂದರೆ ನನಗೆ ಇದ್ದದ್ದು ಮೂರರವರೆಗೆ.

ಹನ್ನೊಂದರ ಸುಮಾರಿಗೆ ಬಾಣ ಹಿಂದೆಂದೂ ಹಾರದ ಹಾಗೆ ಹಾರಿತು. ಮೇಲೆಲ್ಲೋ ಒಂದು ಸಾಲು ಕಪ್ಪಾಯಿತು. ನಾನು ಹೊಡೆಯುತ್ತಿದ್ದ ಅಕ್ಷರ ಅಲ್ಲಿ ಬಿತ್ತು. ಹಿಂದಕ್ಕೆ ಹೋಗುವ ಗುಂಡಿ ಒತ್ತಿದೆ, ಏನೋ ಹೋಯಿತು, ಏನೋ ಬಂತು, ಸಾಲುಗಳು ಕುಣಿದವು. ಅಂಜಿಕೆ ಬಂದರೆ ಏನು ಮಾಡಬೇಕು? ಸೇವ್ ಮಾಡಿದೆ.

ಆಮೇಲೆ ಸಿಟ್ಟು ಬಂತು. ಹಾಳಾದದ್ದು, ಈ ಚೌಕವನ್ನೇ ಕಿತ್ತುಹಾಕಿದರೆ ಹೊಸ ಮೌಸು ತಾನಾಗಿ ಚಾಲೂ ಆದೀತು ಅನ್ನಿಸಿತು. ಯಂತ್ರದ ಅಂಗಾಂಗಗಳ ಪಟ್ಟಿ ತೆಗೆದು, ಮೌಸುಗಳು ಅಂತಿದ್ದ ಕಡೆ ಇದ್ದ ಹೆಸರನ್ನೆಲ್ಲ ‘ತೆಗೆದುಹಾಕು’ ಅಂದುಬಿಟ್ಟೆ. ಬಾಣ ಮಾಯವಾಯಿತು. ಹೊಸ ಮೌಸನ್ನು ಪೆಟ್ಟಿಗೆಯಿಂದ ತೆಗೆದು ಚುಚ್ಚಿ ಅಲ್ಲಾಡಿಸಿದೆ, ಇಲ್ಲ. ಚೌಕ ತಿಕ್ಕಿದೆ, ಇಲ್ಲ. ಪರದೆಯ ಮೇಲೆ ಮಕ್ಕಳ ಹೆಸರುಗಳು ಸುಮ್ಮನೆ ನಿಂತಿದ್ದವು. ಅವುಗಳ ಹತ್ತಿರ ಹೋಗಲು ನನಗೆ ದಾರಿಯೇ ಇರಲಿಲ್ಲ.

ಆಫೀಸಿನಲ್ಲಿ ಫೋನಿರಲಿಲ್ಲ. ರಸ್ತೆಯ ಆ ಬದಿಗೆ ಖಾಜಾ ಮಿಯಾನ ಎಸ್‌ಟಿಡಿ ಬೂತು. ಚಪ್ಪಲಿ ಮೆಟ್ಟದೆ ಓಡಿದೆ. ಭಾಲ್ಕಿಗೆ ಹಚ್ಚಿಸಿ, ಸ್ಯಾಮುವೆಲ್ ಸರ್ ದನಿ ಕೇಳಿದ್ದೇ ಅಳು ಬಂತು; ಅಳುತ್ತಲೇ ನಡೆದದ್ದೆಲ್ಲ ಹೇಳಿದೆ.

“ಸೇವ್ ಮಾಡಿದ್ಯಾ?” ಅಂದರು.

“ಮಾಡೀನ್ರಿ ಸರ್.”

“ಮತ್ಯಾಕ ಅಳ್ತಿ? ಮೌಸ್ ಸತ್ತಿಲ್ಲವ್ವ. ಕಮಲನಗರದ ಬಜಾರದಾಗ ಮರಾಠಿ ಅಡತಿ ವ್ಯಾಪಾರಿಗೂ ಕನ್ನಡ ರೈತಗೂ ನಡುವ ನಿಂತು ಒಬ್ಬಾಂವ ಮಾತು ತಿಳಿಸ್ತಾನಲ್ಲ, ಡ್ರೈವರ್ ಅಂದ್ರ ಅಂಥಾಂವ. ನೀ ಆ ಮನುಷ್ಯಾನ್ನ ಹೊರಗ ಹಾಕೀದಿ. ಬಂದ್ ಮಾಡಿ ಚಾಲೂ ಮಾಡು, ತಾನ ಬರ್ತಾನ.”

“ಬಾಣ ಇಲ್ದ ಬಂದ್ ಹ್ಯಾಂಗ ಮಾಡ್ಲಿ ಸರ್?”

ಸರ್ ಮೂರು ಗುಂಡಿಗಳ ಹೆಸರು ಹೇಳಿದರು. ಅವನ್ನು ಬಾಯಲ್ಲಿ ಮಂತ್ರದ ಹಾಗೆ ಜಪಿಸುತ್ತ ರಸ್ತೆ ದಾಟಿದೆ. ಒತ್ತಿದೆ. ಯಂತ್ರ ಮಲಗಿತು, ಎದ್ದಿತು. ಬಾಣ ಬಂದಿತ್ತು! ಖುಷಿಯಿಂದ ಒಂದು ಅಕ್ಷರ ಹೊಡೆದೆ. ಬಾಣ ಮತ್ತೆ ಪುರ್ ಅಂತ ಹಾರಿತು. ಮತ್ತೆ ರಸ್ತೆ ದಾಟಿ ಓಡಿದೆ.

ಈ ಸಲ ಸರ್, “ಅದರ ಮ್ಯಾಲ ಏನರ ಹೊದ್ಸೀರೇನು?” ಅಂದರು.

“ಪ್ಲಾಸ್ಟಿಕ್ ಅದ ಸರ್. ಮಾಣಿಕರಾವ ಸರ್ ಅಂಟಿಸ್ಯಾರ. ಧೂಳಿಗೆ.”

“ಬೆವರಿನ ಕೈ, ಕೆಳಗ ಪ್ಲಾಸ್ಟಿಕ್. ಅದಕ್ಕ ಯಾವ ಬೆರಳು ಖರೇ, ಯಾವುದು ಸುಳ್ಳು ಹ್ಯಾಂಗ ತಿಳೀಬೇಕು? ಮೊದಲು ಅದನ್ನ ಕಿತ್ತು ಒಗಿ. ಆದ್ರೂ ಅಂಗೈ ತಾಕಿದ್ರ ಹಾರೂದ ಅದು. ಅದರ ಖಾಸ್ ಡ್ರೈವರ್ ಹಾಕಿದ್ರ ತಾಕಿದ್ದನ್ನ ಒತ್ತಿದ್ದು ಅಂತ ತಿಳ್ಕೊಳ್ಳೂದು ಬಂದ್ ಮಾಡಬಹುದು. ಅಂಥದೇ ಒಂದು ಲ್ಯಾಪ್‌ಟಾಪ್ ನನ್ನ ಕ್ಲಾಸಿಗೆ ಬಂದಿತ್ತು, ಫ್ಲಾಪಿ ಅದ. ಈಗ ಔರಾದ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡ್ತೇನಿ. ಬಸ್ ಸ್ಟ್ಯಾಂಡಿನಾಗ ನಿಂದ್ರು.”

ನಮ್ಮ ಕಡೆ ಬಸ್ಸಿನಲ್ಲಿ ಹೋಗದ ವಸ್ತು ಯಾವುದಿತ್ತು ಆಗ? ರೊಟ್ಟಿ ಗಂಟು, ಔಷಧ, ಲಗ್ನಪತ್ರಿಕೆ, ಎಲ್ಲ ಕಂಡಕ್ಟರ ಕೈಯಲ್ಲೇ. ನಾನು ಆಫೀಸಿಗೆ ಬಂದು ಬಾಗಿಲು ಮುಂದೆ ಮಾಡಿ, ಕಳ್ಳಿಯ ಹಾಗೆ ಪ್ಲಾಸ್ಟಿಕ್ ಕಿತ್ತೆ. ಬಿಸಿಲಿಗೆ ಕಾದು ಮೆತ್ತಗಾಗಿದ್ದ ಅದು ಕೆಟ್ಟ ವಾಸನೆ ಬೀರುತ್ತ ಚರ್ರನೆ ಬಿಟ್ಟುಕೊಂಡಿತು. ಕೈಯಲ್ಲಿ ಹಿಡಿದು ನಿಂತಾಗ ಮಾಣಿಕರಾವ ಈಗಲೇ ಬಂದುಬಿಟ್ಟರೆ ಅನ್ನಿಸಿತು. ಮಡಚಿ ನನ್ನ ಊಟದ ಚೀಲದಲ್ಲಿ ಅಡಗಿಸಿದೆ.

ಬಸ್ಸು ಒಂದೂಕಾಲಕ್ಕೆ ಬರಬೇಕಾದದ್ದು ಎರಡಕ್ಕೆ ಐದು ನಿಮಿಷ ಇರುವಾಗ ಬಂತು. ಆ ನಲವತ್ತು ನಿಮಿಷ ನಾನು ಹೇಗೆ ಕಳೆದೆನೋ ಗೊತ್ತಿಲ್ಲ, ಬಸ್ ಸ್ಟ್ಯಾಂಡಿನ ಗಡಿಯಾರ ನೋಡಿ ನೋಡಿ ಕುತ್ತಿಗೆ ನೋಯುತ್ತಿತ್ತು. ಕಂಡಕ್ಟರು ಇಳಿದವನೇ, “ಯಾರ್ರೀ ಸುಜಾತಾ? ಭಾಲ್ಕಿ ಸರ್ ಸಾಮಾನು,” ಅಂತ ಕೂಗಿ ಟಿಕೆಟ್ ಪೆಟ್ಟಿಗೆಯಿಂದ ಒಂದು ಲಕೋಟೆ ತೆಗೆದ. ಒಳಗೆ ಫ್ಲಾಪಿ, ಜೊತೆಗೆ ಒಂದು ಚೀಟಿ. ಯಾವ ಗುಂಡಿ ಆದಮೇಲೆ ಯಾವ ಗುಂಡಿ ಅಂತ ಸರ್ ದುಂಡಗೆ ಬರೆದಿದ್ದರು.

ಚೀಟಿ ಎದುರಿಗಿಟ್ಟುಕೊಂಡು, ಬಾಣ ಮುಟ್ಟದೆ, ಬರೀ ಕೀಲಿಗಳಿಂದ ಹಾಕಿದೆ. ಪರದೆಯ ಮೇಲೆ ನೀಲಿ ಪಟ್ಟಿ ಬಸವನಹುಳುವಿನ ಹಾಗೆ ಮುಂದೆ ಹೋಯಿತು. ಮುಗಿಯಿತು, ಮತ್ತೆ ಚಾಲೂ ಮಾಡು ಅಂದಿತು. ಮಾಡಿದೆ. ಪರದೆ ಕಪ್ಪಗಾಯಿತು. ಕಪ್ಪಿನ ಮೇಲೆ ಎರಡು ಸಾಲು ಬಿಳಿ ಇಂಗ್ಲಿಷು: ಡಿಸ್ಕು ತಪ್ಪು, ಬದಲಿಸು ಅಂತೇನೋ. ಅಷ್ಟೇ. ಪಟ್ಟಿ ಇಲ್ಲ, ಬಾಣ ಇಲ್ಲ, ಏನೂ ಇಲ್ಲ.

ಎಲ್ಲ ಅಳಿಸಿಹೋಯಿತು ಅಂದುಕೊಂಡೆ. ಇಡೀ ಸೀಮೆಯ ಮಕ್ಕಳು ಲಾರಿ ಹತ್ತುವುದು ಕಾಣಿಸಿತು. ಹೇಗೆ ರಸ್ತೆ ದಾಟಿದೆನೋ, ಖಾಜಾ ಮಿಯಾ ಭಾಲ್ಕಿಗೆ ಮೂರು ಸಲ ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಸರ್ ಊಟಕ್ಕೆ ಹೋಗಿರಬೇಕು.

“ಏನಾತು ಬೇಟಿ?” ಅಂದ ಮುದುಕ.

“ಪೂರಾ ಕರ್ರಗಾಗ್ಯಾದ ಚಾಚಾ. ಡಿಸ್ಕ್ ತಪ್ಪು ಅನ್ಲತ್ತದ.”

“ಒಳಗ ಇಟ್ಟಿದ್ದು ಹೊರಗ ತಗದಿಯೇನು? ನನ್ನ ಟೇಪ್ ರಿಕಾರ್ಡರ್ ಗುರ್ ಅಂದ್ರ ನಾ ಮೊದಲು ಕ್ಯಾಸೆಟ್ ತಗೀತೇನಿ. ಆಮ್ಯಾಲ ಅದಕ್ಕ ಬೈತೇನಿ.”

ತೆಗೆದಿರಲಿಲ್ಲ! ಫ್ಲಾಪಿ ಹೊಟ್ಟೆಯಲ್ಲೇ ಇತ್ತು. ಯಂತ್ರ ಏಳುವಾಗ ತನ್ನ ಪ್ರಾಣವನ್ನು ಅದರೊಳಗೆ ಹುಡುಕುತ್ತಿತ್ತು. ಓಡಿ ಬಂದು ಎಳೆದು ತೆಗೆದು ಒಂದು ಗುಂಡಿ ಒತ್ತಿದೆ. ಗರಗರ ಅಂದು ಎಲ್ಲ ಬಂತು. ಚೀಟಿಯಲ್ಲಿದ್ದ ಕೊನೆಯ ಸಾಲಿನಂತೆ, ತಾಕಿದರೆ ಒತ್ತಿದಂತೆ ಎಂಬ ಗುರುತನ್ನು ತೆಗೆದುಹಾಕಿದೆ. ಅಂಗೈ ಚೌಕದ ಮೇಲೆ ಬೇಕಂತಲೇ ಉಜ್ಜಿ ಅಕ್ಷರ ಹೊಡೆದೆ. ಬಾಣ ಸುಮ್ಮನೆ ಕೂತಿತ್ತು.

ಗಂಟೆ ಎರಡು ನಲವತ್ತು. ಉಳಿದ ಮೂರು ಹೆಸರು ಹೊಡೆದೆ. ಆಮೇಲೆ ಪಟ್ಟಿಯಲ್ಲಿ ಮೊದಲು ಹುಡುಕಿದ್ದು ಕವಿತಾಳನ್ನು. ಇದ್ದಳು! ಅಪ್ಪನ ಹೆಸರು, ಊರು, ತರಗತಿ, ಎಲ್ಲ ಸೀತಾಬಾಯಿ ನೋಡಿದ ಹಾಗೇ. ಮೇಜಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಅರ್ಜಿಗಳ ಕಟ್ಟು ಪಕ್ಕದಲ್ಲೇ ಇತ್ತು. ಒಂದೊಂದೇ ಅರ್ಜಿ ಹಿಡಿದು ಪಟ್ಟಿಯ ಜೊತೆ ಹೊಂದಿಸಿ ನೋಡಬೇಕಿತ್ತು, ಅದು ನನಗೆ ಗೊತ್ತಿತ್ತು. ಆದರೆ ಕರೆಂಟು ಹೋಗಲು ಹತ್ತೇ ನಿಮಿಷ. ಕವಿತಾ ಇದ್ದಾಳಲ್ಲ, ಎಲ್ಲರೂ ಇದ್ದಾರೆ ಅಂದಿತು ಮನಸ್ಸು. ಪಟ್ಟಿಯನ್ನು ಆಫೀಸಿನ ಫ್ಲಾಪಿಗೆ ಹಾಕಿ ಕೈಗೆ ತೆಗೆದುಕೊಂಡೆ. ಮೂರಕ್ಕೆ ಸರಿಯಾಗಿ ಫ್ಯಾನು ನಿಂತಿತು.

ಮಾಣಿಕರಾವ ಬಂದು ಪ್ಲಾಸ್ಟಿಕ್ ಇಲ್ಲದ್ದು ನೋಡಿ ಬೈದರು, ಫ್ಲಾಪಿ ಕಂಡದ್ದೇ ಜೇಬಿಗಿಟ್ಟು ಬೀದರದ ಬಸ್ಸು ಹತ್ತಿದರು. ವಾರದೊಳಗೆ ಬೀದರದಿಂದ ಪಟ್ಟಿ ಅಚ್ಚಾಗಿ ಬಂತು, ಶಾಲೆ ಶಾಲೆಯ ಗೋಡೆಗೆ ಅಂಟಿತು. ದೀಪಾವಳಿ ಆಯಿತು. ಲಾರಿಗಳು ನಮ್ಮ ಆಫೀಸಿನ ಮುಂದೆಯೇ ಹೋದವು. ಒಂದರ ಮೇಲಿಂದ ಸೀತಾಬಾಯಿ ಕೈ ಬೀಸಿ ಏನೋ ಕೂಗಿದಳು. ನಾನು ಓಡಿ ಹೊರಗೆ ಬಂದು ಕೈ ಬೀಸಿದೆ. ಆ ಚಳಿಗಾಲವಿಡೀ ನಾನು ಮೌಸಿನ ಕಥೆಯನ್ನು ಮೈಲೂರಿನ ಓಣಿಯಲ್ಲಿ, ಬಸ್ಸಿನಲ್ಲಿ, ಅತ್ತೆಯ ಮನೆಯಲ್ಲಿ ಹೇಳಿದ್ದೇ ಹೇಳಿದ್ದು. ನನಗೆ ಕೊಂಬು ಬಂದಿತ್ತು, ಇನ್ನೇನು.

ಯುಗಾದಿ ಕಳೆದು ನಾಲ್ಕು ದಿನಕ್ಕೆ ಒಬ್ಬ ಮನುಷ್ಯ ಮಗಳನ್ನು ಕರೆದುಕೊಂಡು ಆಫೀಸಿಗೆ ಬಂದ. ಧನರಾಜ ಅಂತ. ಹುಡುಗಿ ಅನಿತಾ, ಏಳನೇ ತರಗತಿ. ಐದು ತಿಂಗಳು ಶಾಲೆ ತಪ್ಪಿಸಿದ್ದಕ್ಕೆ ಮಾಸ್ತರರು ಸೇರಿಸಿಕೊಳ್ಳುವುದಿಲ್ಲ ಅನ್ನುತ್ತಾರೆ, ನಿಮ್ಮ ಸಂಸ್ಥೆಯಿಂದ ಒಂದು ಚೀಟಿ ಬೇಕು ಅಂದ. ಹುಡುಗಿಯ ಕೈತುಂಬ ಕಬ್ಬಿನ ಸೋಗೆ ಕೊಯ್ದ ಗೀರುಗಳು. ನಾನು ಕುರ್ಚಿಯಿಂದ ಎದ್ದರೆ ಎರಡು ಹೆಜ್ಜೆ ಹಿಂದೆ ಸರಿದು ಅಪ್ಪನ ಅಂಗಿ ಹಿಡಿದಳು. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಆವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.

“ಹಾಸ್ಟೆಲ್ ಇತ್ತಲ್ರಿ. ಅರ್ಜಿ ಯಾಕ ಕೊಡ್ಲಿಲ್ಲ?” ಅಂದೆ, ಸ್ವಲ್ಪ ಜೋರಾಗಿಯೇ.

“ಕೊಟ್ಟಿದ್ವಿ ಬಾಯಾರ. ಪಟ್ಟಿದಾಗ ಹೆಸರು ಬರ್ಲಿಲ್ಲ.”

“ಬರ್ಲಿಲ್ಲಂದ್ರ ಬಂದು ಕೇಳ್ಬೇಕಿಲ್ಲೇನು?”

“ಏನಂತ ಕೇಳೂದ್ರಿ? ಕಂಪ್ಯೂಟರ್ ಬರ್ದದ ಅಂದ್ಮ್ಯಾಲ ತಪ್ಪಿರ್ತದೇನು? ಹುಷಾರ ಮಕ್ಕಳ್ನ ಆರ್ಸ್ಯಾರ ಅಂದ್ಕೊಂಡ್ವಿ. ಈಕಿ ಗಣಿತದಾಗ ಜರಾ ಕಚ್ಚಾ ಅದಾಳ.” ಅವನು ತಪ್ಪು ತನ್ನದೇ ಎಂಬಂತೆ ನೆಲ ನೋಡಿದ. “ದಾರಿ ತುಂಬ ಈಕಿಗೆ ಬೈಕೋತ ಹೋದೆ. ಚಂದಾಗಿ ಓದಿದ್ರ ಹೆಸರು ಬರ್ತಿತ್ತಲ್ಲ ಅಂತ.”

ನಾನು ಕಪಾಟಿನಿಂದ ಅರ್ಜಿಗಳ ಕಟ್ಟು ಇಳಿಸಿದೆ. ದಾರ ಬಿಚ್ಚದೆ ಹರಿದೆ. ನಡುವೆ ಎಲ್ಲೋ ಅದು ಇತ್ತು. ಅನಿತಾ, ತಂದೆ ಧನರಾಜ. ಮೂಲೆಯಲ್ಲಿ, ಹೊಡೆದಾಯಿತು ಅಂತ ನಾನೇ ಹಾಕಿದ ಕೆಂಪು ಗುರುತು. ಅವತ್ತು ಹನ್ನೊಂದು ಗಂಟೆಗೆ ಕಪ್ಪಾದ ಸಾಲು ಯಾರದೆಂದು ಆಗ ಗೊತ್ತಾಯಿತು. ಬಾಣ ಅವಳನ್ನು ಅಳಿಸಿತು. ಸೇವ್ ಮಾಡಿ ಅದನ್ನು ಖಾಯಂ ಮಾಡಿದವಳು ನಾನು. ಅವಳ ಪರವಾಗಿ ನನ್ನ ಮೇಜಿನ ಮುಂದೆ ನಿಂತು ನೋಡಿದವರು ಯಾರೂ ಇರಲಿಲ್ಲ, ಹಾಗಾಗಿ ನಾನೂ ನೋಡಲಿಲ್ಲ.

ಸುಳ್ಳು ಹೇಳಬಹುದಿತ್ತು. ಒಳಗಿನ ಕೋಣೆಯಲ್ಲಿ ಮಾಣಿಕರಾವ ಇದ್ದರು, ಕೇಳಿಸಿಕೊಂಡರೆ ಕೆಲಸ ಹೋಗುತ್ತಿತ್ತು. ಆದರೆ ಆ ಹುಡುಗಿ ನನ್ನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದಳು.

“ನಿಮ್ಮ ಮಗಳ ಹೆಸರು ನಾ ಬರ್ದಿದ್ದೆ. ಆಮ್ಯಾಲ ನನ್ನ ಕೈಯಿಂದನೇ ಅಳಿಸಿ ಹೋಗ್ಯಾದ. ತಪ್ಪು ನಂದ್ರಿ,” ಅಂದೆ.

ಧನರಾಜ ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ಬೈಯಲಿಲ್ಲ. ಮಗಳ ಕಡೆ ತಿರುಗಿ, ಅವಳ ತಲೆಯ ಮೇಲೆ ಕೈಯಿಟ್ಟು, “ಕೇಳಿದ್ಯೇನವ್ವ? ನಿನ್ನ ಹೆಸರು ಇತ್ತಂತ. ನಿಂದೇನೂ ತಪ್ಪಿರ್ಲಿಲ್ಲಂತ,” ಅಂದ.

ಹುಡುಗಿ ಅಪ್ಪನ ಅಂಗಿ ಬಿಟ್ಟು ಮೇಜಿನ ಹತ್ತಿರ ಬಂದಳು. ಬಂದಾಗಿನಿಂದ ಮೊದಲ ಸಲ ಬಾಯಿ ತೆರೆದು, “ಎಷ್ಟನೇದಿತ್ರಿ?” ಅಂತ ಕೇಳಿದಳು.

ಅರ್ಜಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿದ್ದ ಅಂಕಿ ನೋಡಿ ಹೇಳಿದೆ. “ನಲವತ್ತೊಂದು.”

“ನಲವತ್ತೊಂದು,” ಅಂದಳು ಅವಳು, ಅಪ್ಪನ ಕಡೆ ನೋಡಿ.